ಎಪ್ಪತ್ತೆರಡು ಮೇಳಗಳೂ ಸಂಗೀತದ ನೂತನತ್ವವೂ

ಸ್ವರಗಳು ಪರಿಮಿತವಾಗಿರಲು ಅಪೂರ್ವವಾದ ಸಂಗೀತವು ಎಂದೆಂದಿಗೂ ಹುಟ್ಟುತ್ತಿರಬಲ್ಲುದೆ ಎಂಬ ಶಂಕೆಯುಂಟು. ಇದಕ್ಕೆ ವೇಂಕಟಮಖಿಯ ‘ಚತುರ್ದಂಡೀಪ್ರಕಾಶಿಕೆ’ಯು ಇಂಬುಗೊಡುವಂತೆ ತೋರುವುದು. ತಂಜಾವೂರಿನ ವಿಜಯರಾಘವನಾಯಕನ (1634–1673) ಆಶ್ರಯದಲ್ಲಿ ರಚಿತವಾದ ಆ ಗ್ರಂಥವು 72 ಮೇಳಗಳನ್ನು ಗಣಿಸಿ, ಅವುಗಳಲ್ಲಿ ಒಂದನ್ನು ಹೆಚ್ಚಿಸಲಾಗಲಿ ತಗ್ಗಿಸಲಾಗಲಿ ಹಣೆಗಣ್ಣನೂ ಶಕ್ತನಲ್ಲವೆಂದು ಸಾರುತ್ತದೆ.

ಆದರೆ ಗ್ರಂಥಕಾರನು ಲಕ್ಷಣವನ್ನು ವಿವರಿಸಿರುವುದು 19 ಮೇಳಗಳಿಗೆ ಮಾತ್ರ. ಅವುಗಳಲ್ಲಿಯೂ ಸಿಂಹರವವು ಆತನದೇ ಕಲ್ಪನೆ. ಎಣಿಕೆಗೆ ಮೇರೆಯನ್ನು ಕಟ್ಟಿದವನೇ ನೂತನ ಸೃಷ್ಟಿಗೆ ಕೈಯಿಕ್ಕಿದನೆಂಬುದು ವಿಚಾರಾರ್ಹವಾಗಿದೆ.

ಇನ್ನೊಂದು ನಿದರ್ಶನ. ಶ್ರೀರಾಗದ ಮೇಳವು ಆ 19ರಲ್ಲಿಯೇ ಸೇರಿದ್ದಿತು. ಅದೇ ಸ್ವರಗಳಲ್ಲಿ ತ್ಯಾಗರಾಜರು (1767–1847) ತಮ್ಮ ಕೃತಿಗಳಿಂದ ಖರಹರಪ್ರಿಯೆಗೆ ಜೀವವನ್ನು ತುಂಬಿದರು. ಸ್ವರಗಳು ಅವೇ, ಸಂಚಾರವೂ ಛಾಯೆಯೂ ಬೇರೆ. ಹೊಸ ಮೇಳವಿಲ್ಲದೆಯೇ ಹೊಸ ರಾಗವು ಬೆಳಗಿತು.

ಜನಚಿತ್ತವನ್ನು ರಂಜಿಸುವುದೇ ರಾಗವೆಂದು ಮತಂಗನ ಮತ. ಆದುದರಿಂದ ಗಣಿತವು ಮುಗಿಯಿತೆಂದು ನಿರಾಶರಾಗುವವರೂ, ಕೇವಲ ಸ್ವರಗಳನ್ನು ಹಿಂದುಮುಂದಾಗಿ ಜೋಡಿಸಿ ನೂತನ ರಾಗವೆನ್ನುವವರೂ ಸಮಾನವಾಗಿ ತಪ್ಪುತ್ತಾರೆ. ಪ್ರಸ್ತಾರದಿಂದ ದೊರೆಯುವುದು ಸ್ವರಪಂಕ್ತಿ. ಅದನ್ನು ರಾಗವಾಗಿಸುವುದು ಪ್ರತಿಭೆ. ವರ್ಣಮಾಲೆಯು ಪರಿಮಿತವೆಂದು ಕಾವ್ಯವು ನಿಂತುಹೋಗಲಿಲ್ಲವಷ್ಟೆ. ಸಂಗೀತಕ್ಕೂ ಇದೇ ನ್ಯಾಯವು ಸಲ್ಲುವುದು.