ಕೆಲಸ ಅದೇ, ಬಿಲ್ಲು ಮಾತ್ರ 85!

ನೋಡಿ ವೀಕ್ಷಕರೇ, ಅಮೆರಿಕದಲ್ಲಿ ನರ್ಸ್ ಪ್ರಾಕ್ಟೀಷನರ್ ಅಂತ ಇದ್ದಾರೆ. ಹೆಚ್ಚಿನ ತರಬೇತಿ ಪಡೆದು, ರೋಗಿಯನ್ನು ಪರೀಕ್ಷಿಸಿ ಔಷಧಿ ಬರೆಯುವ ನರ್ಸ್‌ಗಳು. 1965ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಈ ತರಬೇತಿ ಶುರು ಮಾಡಿದರು. ಅದೇ ವರ್ಷ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಕೂಡ ಕಾನೂನಾಯಿತು. ಆದರೆ ವಿಮೆ ಹಣ ಹೋಗ್ತಿದ್ದದ್ದು ಡಾಕ್ಟರ ಹೆಸರಿಗೆ. ನರ್ಸ್ ಸ್ವಂತ ಕ್ಲಿನಿಕ್ ತೆರೆದರೆ ಬಾಡಿಗೆ ಕಟ್ಟೋದು ಹೇಗೆ?

1977ರಲ್ಲಿ, ಡಾಕ್ಟರು ಸಿಗದ ಹಳ್ಳಿಗಳ ಕ್ಲಿನಿಕ್‌ಗಳಿಗೆ ಮಾತ್ರ ದಾರಿಯಾಯಿತು. ಊರು ಯಾವುದಾದರೂ ಸರಿ, ನರ್ಸ್‌ಗೆ ನೇರವಾಗಿ ಹಣ ಅಂತ ಆಗಿದ್ದು 1998ರ ಜನವರಿ 1ರಿಂದ. ಅದಕ್ಕೆ ಕಾರಣ ಹಿಂದಿನ ವರ್ಷ ಕ್ಲಿಂಟನ್ ಸಹಿ ಹಾಕಿದ ಕಾಯ್ದೆ. ಎಷ್ಟು ಹಣ? ಡಾಕ್ಟರಿಗೆ 100 ಡಾಲರ್ ಇದ್ದರೆ ಇವರಿಗೆ 85. ಅದೇ ನರ್ಸ್ ಡಾಕ್ಟರ ಮೇಲ್ವಿಚಾರಣೆಯಲ್ಲಿ ನೋಡಿ, ನಿಯಮದಂತೆ ಅವರ ಹೆಸರಲ್ಲಿ ಬಿಲ್ ಹಾಕಿದರೆ ಪೂರ್ತಿ 100!

ಡಾಕ್ಟರ ಓದು ದೊಡ್ಡದು, ದರವೂ ಹೆಚ್ಚಿರಲಿ ಅನ್ನೋ ವಾದ ಇದೆ. ಒಪ್ಪೋಣ. ಆದರೆ ನೋಡಿದ್ದು ನರ್ಸೇ ಆದಾಗ, ಬಿಲ್ಲಿನ ಮೇಲೆ ಹೆಸರು ಬದಲಾದ ಕೂಡಲೇ ಆ 15 ಡಾಲರ್ ಎಲ್ಲಿಂದ ಬಂತು? ಇಂಜಿನಿಯರಿಂಗ್ ಓದಿದ ನನಗೆ ಈ ಲೆಕ್ಕ ತಾಳೆಯಾಗಲ್ಲ. ನರ್ಸ್ ಅಂತ ಕಟ್ಟಡದ ಮಾಲೀಕನೇನೂ ಬಾಡಿಗೆಯಲ್ಲಿ ಶೇ. 15 ಬಿಡೋದಿಲ್ವಲ್ಲ!