ಸದ್ದಡಗಿಸಿದ ಕಥೆ

ನಿವೃತ್ತಿಯ ನಂತರ ನಾನು ಕೊಂಡದ್ದು ಹತ್ತು ವರ್ಷ ಹಳೆಯದಾದ ಒಂದು ಸಣ್ಣ ಕಾರು. ಎಂಜಿನ್ ಗಟ್ಟಿಮುಟ್ಟಾಗಿತ್ತು. ಆದರೆ ಕಚ್ಚಾ ರಸ್ತೆಗೆ ಇಳಿದೊಡನೆ ಬಾಗಿಲು, ತಳ, ಡಿಕ್ಕಿ ಒಂದೊಂದೂ ತನ್ನದೇ ರಾಗ ತೆಗೆಯುತ್ತಿತ್ತು. ಇದನ್ನು ತಮಾಷೆಯೆಂದು ಸಹಿಸಬಹುದಿತ್ತು. ಆದರೆ ಅದೇ ವರ್ಷ ನನ್ನ ಶ್ರೀಮತಿಯ ಕಿವಿ ಮಂದವಾಗಿ ಶ್ರವಣಯಂತ್ರ ಹಾಕಿಸಬೇಕಾಯಿತು. ಆ ಯಂತ್ರ ಮಾತನ್ನು ಹಿಗ್ಗಿಸುವಂತೆ ಗದ್ದಲವನ್ನೂ ಹಿಗ್ಗಿಸುತ್ತಿತ್ತು. ಕಾರು ಹೊರಟೊಡನೆ ಆಕೆ ಅದನ್ನು ಕಿವಿಯಿಂದ ತೆಗೆದು ಕೈಚೀಲಕ್ಕೆ ಹಾಕಿ, ಕಿಟಕಿಯತ್ತ ಮುಖ ಮಾಡಿ ಕುಳಿತುಬಿಡುತ್ತಿದ್ದಳು. ಮೂವತ್ತು ವರ್ಷಕ್ಕೂ ಮಿಕ್ಕಿ ಮಾತನಾಡುತ್ತಲೇ ದಾರಿ ಸವೆಸಿದ ನಾವು ಮೂಕರಂತೆ ಪ್ರಯಾಣ ಮಾಡತೊಡಗಿದೆವು. ಸದ್ದಡಗಿಸುವ ವಸ್ತುಗಳ ಇತಿಹಾಸಕ್ಕೆ ನಾನು ಕೈಹಾಕಿದ್ದು ಈ ಕಾರಣದಿಂದ.

ಆರಂಭದ ಮೋಟಾರು ಗಾಡಿಗಳ ಮೈಕಟ್ಟು ಕುದುರೆ ಸಾರೋಟಿನದೇ. ಮರದ ಚೌಕಟ್ಟು, ಅದರ ಮೇಲೆ ಹೊದಿಕೆ. ಮರವು ಕಂಪನವನ್ನು ಒಂದಿಷ್ಟು ತಾನೇ ನುಂಗಿಕೊಳ್ಳುತ್ತದೆ. 1914ರಲ್ಲಿ ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಅವರ ಕಾರ್ಖಾನೆಯು ಡಾಡ್ಜ್ ಕಾರುಗಳಿಗೆ ಪೂರ್ಣ ಉಕ್ಕಿನ ಮೈಯನ್ನು ಒದಗಿಸತೊಡಗಿತು. 1935ರ ಮಾದರಿಗಳಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಒಂದೇ ಹಾಳೆಯ ಉಕ್ಕಿನ ಚಾವಣಿಯನ್ನು ತಂದಿತು. ಅದಕ್ಕೆ ಮೊದಲು ಅನೇಕ ಕಾರುಗಳ ಚಾವಣಿಯ ನಡುಭಾಗದಲ್ಲಿ ಬಟ್ಟೆಯೇ ಇರುತ್ತಿತ್ತು. ಉಕ್ಕಿನಿಂದ ಗಾಡಿಗೆ ಬಲ ಬಂತು, ಜೊತೆಗೆ ಒಂದು ಪೀಡೆಯೂ ಬಂತು. ತೆಳು ಉಕ್ಕಿನ ಹಾಳೆ ತಮಟೆಯಂತೆ. ತಟ್ಟಿದರೆ ಸುಮ್ಮನಾಗಲು ಒಪ್ಪುವುದಿಲ್ಲ. ಅದಕ್ಕೆ ತಯಾರಕರು ಕಂಡುಕೊಂಡ ಮದ್ದು ಡಾಂಬರು ಬೆರೆತ ಹಾಳೆ ಮತ್ತು ಉಣ್ಣೆಯ ಫೆಲ್ಟು.

ಹಾಳೆಗೆ ಏನನ್ನಾದರೂ ಮೆತ್ತಿದರೆ ಅದರ ನಾದ ಬದಲಾಗುತ್ತದೆಂಬುದು ನಮ್ಮ ಮೃದಂಗದವರಿಗೆ ಹೊಸ ವಿಷಯವೇನಲ್ಲ. ಬಲದ ಮುಖದಲ್ಲಿ ಕಪ್ಪು ಕರಣೆಯಿದೆ. ಎಡದ ಮುಖಕ್ಕೆ ಕಛೇರಿಗೆ ಮೊದಲು ರವೆಯ ಮುದ್ದೆ ಮೆತ್ತಿ ಸ್ವರ ಇಳಿಸುತ್ತಾರೆ. ಸರ್ ಸಿ. ವಿ. ರಾಮನ್ ಅವರು ಈ ಕರಣೆಯ ಗುಟ್ಟನ್ನು 1920ರಲ್ಲಿ ಶಿವಕಾಲಿ ಕುಮಾರ್ ಅವರೊಡನೆ ಬರೆದ ಲೇಖನದಲ್ಲಿ ಬಿಡಿಸಿದರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತೆ ವಿಸ್ತಾರವಾಗಿ ಬರೆದರು. ಅಲ್ಲಿ ಮೆತ್ತುವುದು ನಾದ ಹದಗೊಳ್ಳಲೆಂದು, ಕಾರಿನಲ್ಲಿ ಮೆತ್ತುವುದು ನಾದ ಸಾಯಲೆಂದು. ವ್ಯತ್ಯಾಸ ಇಷ್ಟೇ.

ಈ ಮೆತ್ತುವ ಕಲೆಯನ್ನು ಅಳತೆಗೆ ತಂದವರು ಜರ್ಮನಿಯ ಹೆರ್ಮನ್ ಓಬರ್ಸ್ಟ್. 1952ರಲ್ಲಿ ಅವರು ತೆಳು ಲೋಹದ ಮೇಲಿನ ಲೇಪ ಕಂಪನವನ್ನು ಎಷ್ಟು ತಗ್ಗಿಸುತ್ತದೆಂದು ಲೆಕ್ಕ ಹಾಕಿ ತೋರಿಸಿದರು. ಇಂದಿಗೂ ಆ ಪರೀಕ್ಷೆಯ ಪಟ್ಟಿಗೆ ಅವರದೇ ಹೆಸರಿದೆ. 1959ರಲ್ಲಿ ಅಮೆರಿಕದ ಕರ್ವಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೆತ್ತನೆಯ ಪದರದ ಮೇಲೆ ಗಟ್ಟಿಯಾದ ತೆಳು ಹಾಳೆಯೊಂದನ್ನು ಅಂಟಿಸಿದರೆ ಏನಾಗುತ್ತದೆಂದು ವಿವರಿಸಿದರು. ಕೆಳಗಿನ ಉಕ್ಕು ಬಾಗಿದಾಗ ಮೇಲಿನ ಹಾಳೆ ಅಷ್ಟೇ ಬಾಗಲು ಒಪ್ಪದು. ನಡುವಿನ ಪದರ ಎಳೆದಾಡಿಸಿಕೊಂಡು ಕಂಪನವನ್ನು ಶಾಖವಾಗಿ ಕರಗಿಸುತ್ತದೆ. ಇಂದು ಅಂಗಡಿಯಲ್ಲಿ ದೊರೆಯುವ, ಒಂದು ಬದಿಗೆ ಅಲ್ಯೂಮಿನಿಯಂ, ಇನ್ನೊಂದು ಬದಿಗೆ ಅಂಟಿರುವ ಹಾಳೆಯ ತತ್ತ್ವ ಇದೇ. ಅದರೊಳಗಿನ ಬ್ಯುಟೈಲ್ ರಬ್ಬರನ್ನು 1937ರಲ್ಲಿ ಅಮೆರಿಕದ ಸ್ಪಾರ್ಕ್ಸ್ ಮತ್ತು ಥಾಮಸ್ ಕಂಡುಹಿಡಿದಿದ್ದರು. ಅದು ಮೊದಲು ಹೆಸರು ಮಾಡಿದ್ದು ಚಕ್ರದ ಟ್ಯೂಬಿನಲ್ಲಿ.

ಸದ್ದನ್ನು ಹೀರುವುದು ಬೇರೆಯೇ ವಿದ್ಯೆ. 1895ರಲ್ಲಿ ಹಾರ್ವರ್ಡ್‌ನ ಯುವ ಅಧ್ಯಾಪಕ ವಾಲೇಸ್ ಸೇಬಿನ್ ಅವರಿಗೆ, ಮಾತು ಅರ್ಥವಾಗದಷ್ಟು ಪ್ರತಿಧ್ವನಿಸುತ್ತಿದ್ದ ಉಪನ್ಯಾಸ ಮಂದಿರವೊಂದನ್ನು ಸರಿಪಡಿಸುವ ಕೆಲಸ ಬಂತು. ಅವರು ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದ ಆಸನದ ದಿಂಬುಗಳನ್ನು ತಂದು ಹಾಸಿ, ಎಷ್ಟು ದಿಂಬಿಗೆ ಎಷ್ಟು ಸದ್ದು ತಗ್ಗಿತೆಂದು ಅಳೆದರು. ಕಾರಿನ ಫೆಲ್ಟು, ಫೋಮು ಈ ದಿಂಬುಗಳ ವಂಶದವು. ಮೂರನೆಯದು ತಡೆಯುವ ವಿದ್ಯೆ. ಅದಕ್ಕೆ ತೂಕ ಬೇಕು. ಗೋಡೆಯ ತೂಕ ಇಮ್ಮಡಿಯಾದರೆ ದಾಟಿ ಬರುವ ಸದ್ದು ಸುಮಾರು 6 ಡೆಸಿಬೆಲ್ ತಗ್ಗುತ್ತದೆ. ನಡುಕ ನಿಲ್ಲಿಸುವುದು, ಹೀರುವುದು, ತಡೆಯುವುದು ಎಂಬ ಈ ಮೂರನ್ನು ಬೆರೆಸಿಕೊಂಡವನ ಹಣ ನೀರಿನಲ್ಲಿ ಹೋಮ.

ನನ್ನದು ಹೋದದ್ದು ಹಾಗೆಯೇ. ವಿಜ್ಞಾನದ ಮೇಷ್ಟ್ರೆಂಬ ಹಮ್ಮಿನಿಂದ ಮೊದಲು ಬಾಗಿಲುಗಳೊಳಗೆ ಫೋಮ್ ತುಂಬಿಸಿದೆ. ಗಡಗಡ ಎಳ್ಳಷ್ಟೂ ತಗ್ಗಲಿಲ್ಲ; ಮಳೆ ಬಂದಾಗ ಫೋಮು ನೀರು ಕುಡಿದು ಬಾಗಿಲ ತಳದಲ್ಲಿ ತುಕ್ಕು ಹಿಡಿಸಿತು. ಕೊನೆಗೆ ಗ್ಯಾರೇಜು ನಡೆಸುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯ ಬಳಿ ಹೋದೆ. ಅವನು ಬಾಗಿಲನ್ನು ಬಿಚ್ಚಿ ನೋಡಿ, "ಸಾರ್, ಕಾಯಿಲೆ ಯಾವುದು ಅಂತ ನೋಡದೆ ಔಷಧಿ ಕೊಟ್ಟುಬಿಟ್ಟಿದ್ದೀರಿ" ಎಂದು ನಕ್ಕ. ತರಗತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದ ಮಾತು!

ಅವನು ಕಾರು ಓಡಿಸುತ್ತಿದ್ದಂತೆ ನಾನು ಹಿಂದೆ ಕುಳಿತು ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿಯುತ್ತ ಬಂದೆ. ಕೈಯಿಟ್ಟಾಗ ನಿಂತ ಸದ್ದೇ ರೋಗದ ಮೂಲ. ಸಡಿಲವಾದ ನಂಬರ್ ಪ್ಲೇಟು, ಡಿಕ್ಕಿಯಲ್ಲಿ ಹೊರಳಾಡುವ ಜಾಕು, ಬಾಗಿಲ ಗಾಜಿನ ಸವೆದ ರಬ್ಬರು. ಇವುಗಳಿಗೆ ಬೇಕಾದದ್ದು ದುಬಾರಿ ಹಾಳೆಯಲ್ಲ. ನಾಲ್ಕು ತಿರುಪು, ಒಂದು ಹಳೆಯ ಟವೆಲು, ಹೊಸ ರಬ್ಬರು. ಅದಾದ ಮೇಲೆ ಉಳಿದ ಗುಂಯ್ಗುಡುವಿಕೆಗೆ ಬ್ಯುಟೈಲ್ ಹಾಳೆ. ಅದನ್ನೂ ಮೈತುಂಬ ಮೆತ್ತಲಿಲ್ಲ. ಹೆಚ್ಚು ನಡುಗುವುದು ಹಾಳೆಯ ನಡುಭಾಗವಾದ್ದರಿಂದ ಪ್ರತಿ ಬಾಗಿಲಿಗೆ ಕಾಲುಭಾಗದಷ್ಟು ಸಾಕಾಯಿತು. ನೀರು ಇಳಿಯುವ ರಂಧ್ರಗಳನ್ನು ಮುಚ್ಚಲಿಲ್ಲ. ಅಗ್ಗದ ಡಾಂಬರು ಹಾಳೆಯನ್ನು ಅವನು ಬೇಡವೆಂದ. ನಮ್ಮ ಬೇಸಿಗೆಗೆ ಅದು ವಾಸನೆ ಬಿಟ್ಟು ಜಾರುತ್ತದಂತೆ.

1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಡೇವಿಡ್ ಒಗಿಲ್ವಿ ಬರೆದ ಜಾಹೀರಾತು ಪ್ರಸಿದ್ಧ. ಗಂಟೆಗೆ 60 ಮೈಲಿ ವೇಗದಲ್ಲೂ ಅದರೊಳಗೆ ಕೇಳುವ ದೊಡ್ಡ ಸದ್ದು ಗಡಿಯಾರದ್ದು ಎಂಬುದು ಅದರ ಸಾರ. ನನ್ನ ಕಾರಿಗೆ ಅಂಥ ಭಾಗ್ಯವಿಲ್ಲ. ಟೈರಿನ ಸದ್ದು ಈಗಲೂ ಇದೆ. ಆದರೆ ಮುಂದಿನ ಸಲ ಊರಿಗೆ ಹೊರಟಾಗ ಶ್ರೀಮತಿಯ ಕೈ ಕಿವಿಯತ್ತ ಹೋಗಿ, ಹಾಗೆಯೇ ಹಿಂದೆ ಬಂತು. ಯಂತ್ರವನ್ನು ತೆಗೆಯಲಿಲ್ಲ. ಹತ್ತು ಮೈಲಿ ಕಳೆದ ಮೇಲೆ, "ರೀ, ಸ್ವಲ್ಪ ನಿಧಾನವಾಗಿ ಓಡಿಸಿ" ಎಂದಳು. ಎಷ್ಟೋ ತಿಂಗಳ ಮೇಲೆ ಕಾರಿನಲ್ಲಿ ಕೇಳಿದ ಆ ಗದರಿಕೆ ನನಗೆ ಯಾವ ಕಛೇರಿಗೂ ಕಡಿಮೆಯೆನಿಸಲಿಲ್ಲ.