ಫಿಲ್ಮ್ ಕಾಲದ ಲೆನ್ಸ್‌ಗಳ ಡಿಜಿಟಲ್ ಬಳಕೆ

ಫಿಲ್ಮ್ ಕ್ಯಾಮೆರಾಗಳಿಗೆಂದು ತಯಾರಾದ ಲೆನ್ಸ್‌ಗಳನ್ನು ಅಡಾಪ್ಟರ್ ಉಂಗುರದ ಮೂಲಕ, ಕೆಲವೊಮ್ಮೆ ನೇರವಾಗಿಯೇ, ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ ಬಳಸುವ ಪದ್ಧತಿ. ಲೆನ್ಸ್ ಕೂರುವ ಮೌಂಟ್‌ಗೂ ಸೆನ್ಸರ್‌ಗೂ ನಡುವಿನ ಅಂತರವೇ ಇಲ್ಲಿ ಮುಖ್ಯ. 1959ರಲ್ಲಿ ಬಂದ ನಿಕಾನ್ ಎಫ್ ಮೌಂಟ್‌ನಲ್ಲಿ ಇದು 46.5 ಮಿ.ಮೀ.; ಒಳಗೆ ಕನ್ನಡಿಯಿಲ್ಲದ ಸೋನಿ ಇ ಮೌಂಟ್‌ನಲ್ಲಿ 18 ಮಿ.ಮೀ. ಉಳಿದ 28.5 ಮಿ.ಮೀ. ಜಾಗವನ್ನು ಗಾಜಿಲ್ಲದ ಟೊಳ್ಳು ಉಂಗುರವೊಂದು ತುಂಬಿದರೆ ದೂರದ ಬೆಟ್ಟವೂ ಫೋಕಸ್‌ಗೆ ಸಿಗುತ್ತದೆ.

ಇಂಥ ಟೊಳ್ಳು ಉಂಗುರದ ಮೂಲಕ ಬಳಸುವಾಗ ಫೋಕಸ್, ಅಪರ್ಚರ್ ಎರಡನ್ನೂ ಕೈಯಿಂದಲೇ ತಿರುಗಿಸಬೇಕು. ಫೋಕಸ್ ಪೀಕಿಂಗ್ ಇರುವ ಕ್ಯಾಮೆರಾಗಳಲ್ಲಿ ಸ್ಪಷ್ಟವಾದ ಅಂಚುಗಳು ಬಣ್ಣದಲ್ಲಿ ಮಿನುಗಿ ಸುಳಿವು ಕೊಡುತ್ತವೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನಂಥ ಕಡೆ ಇದರ ಬಲ, ಮಿತಿ ಎರಡೂ ಕಾಣುತ್ತವೆ. 300 ಮಿ.ಮೀ. ಲೆನ್ಸ್, 1.5 ಪಟ್ಟು ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಮೇಲೆ 450 ಮಿ.ಮೀ.ನಷ್ಟು ದೃಶ್ಯಕೋನ ಕೊಡುತ್ತದೆ. ಬೇಸಿಗೆಯಲ್ಲಿ ನೀರಿಳಿದ ಬಯಲಿಗೆ ಬಂದು ಮೇಯುವ ಆನೆ ಹಿಂಡಿಗೆ ಅಷ್ಟು ಸಾಕು. ಓಡುವ ಸೀಳುನಾಯಿಗೆ ಕೈ ಫೋಕಸ್ ಒಗ್ಗುವುದು ಕಷ್ಟ. ಆದರೂ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರ ಪೀಳಿಗೆ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣವನ್ನು ಕಟ್ಟಿದ್ದು ಆಟೊಫೋಕಸ್ ಬರುವ ಮೊದಲೇ.

ಕಾಡಂಚಿನ ಮಳೆಗಾಲದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ. ಟಾರ್ಚ್ ಹಿಡಿದು ನೋಡಿದರೆ ಜೇಡನ ಬಲೆಯಂಥ ಎಳೆಗಳು ಕಾಣುತ್ತವೆ. ಅದು ಲೇಪನವನ್ನು ತಿಂದಿದ್ದರೆ ಒರೆಸಿದರೂ ಕಲೆ ಹೋಗದು. ಇನ್ನು, 1977ಕ್ಕಿಂತ ಹಿಂದಿನ ನಿಕಾನ್ ಲೆನ್ಸ್‌ಗಳನ್ನು ಮಾರ್ಪಡಿಸದೆ ಕೆಲವು ಡಿಜಿಟಲ್ ಎಸ್‌ಎಲ್‌ಆರ್‌ಗಳಿಗೆ ತೊಡಿಸಿದರೆ ಮೌಂಟ್ ಅಂಚಿನ ಪುಟ್ಟ ಸನ್ನೆಗೆ ಪೆಟ್ಟಾಗುತ್ತದೆ.